ಎರಡನೆಯ ಕಂಪ್ರೆಸರ್ ಏಕೆ ಕೆಟ್ಟಿತು?

ಸ್ವಂತದ ಕಾರಿನಲ್ಲಿ ಎ.ಸಿ. ಕೆಟ್ಟರೆ ಕಿಟಕಿ ಇಳಿಸಿದರಾಯಿತು. ಟ್ಯಾಕ್ಸಿಯಲ್ಲಿ ಕೆಟ್ಟರೆ ಬಾಡಿಗೆಯೇ ಕೈತಪ್ಪುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಬೇಸಿಗೆಯಲ್ಲಿ ಅವರ ಕಾರಿಗೆ ಹೊಸ ಕಂಪ್ರೆಸರ್ ಹಾಕಿಸಿದ್ದರು. ಆರು ತಿಂಗಳೂ ಕಳೆದಿರಲಿಲ್ಲ, ಅದೂ ಗರಗರ ಎನ್ನತೊಡಗಿತು. ಮೂರನೆಯದನ್ನು ತರಿಸಲು ಗ್ಯಾರೇಜಿನವರು ಮುಂಗಡ ಕೇಳಿದ್ದರು. ಎದುರಿಗೆ ದಸರೆ, ಮಗಳ ಕಾಲೇಜು ಫೀಸು ಬೇರೆ. “ಕಂಪನಿ ಮಾಲೇ ಹಾಕ್ಸಿದ್ದೆ ಮೇಷ್ಟ್ರೇ, ಆದ್ರೂ ಯಾಕೆ ಹಿಂಗೆ?” ಎಂದರು.

ಮೊದಲನೆಯ ಕಂಪ್ರೆಸರ್ ಸವೆದು ಕೆಟ್ಟಿರಬಹುದು. ಎರಡನೆಯದೂ ಬೇಗನೆ ಕೆಟ್ಟರೆ, ಕೆಡಿಸುತ್ತಿರುವುದು ಬೇರೆ ಯಾವುದೋ ಎಂದು ಅರ್ಥ. ಅದನ್ನು ಹುಡುಕಲು ಹತ್ತನೆಯ ತರಗತಿಯ ಭೌತವಿಜ್ಞಾನ ಬಹುಮಟ್ಟಿಗೆ ಸಾಕು.

ಎ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಹೊರುವ ಕೂಲಿಯಾಳು ಬಹಳಷ್ಟು ಕಾರುಗಳಲ್ಲಿ ಆರ್-134ಎ ಎಂಬ ಅನಿಲ. ವಾಯುಮಂಡಲದ ಒತ್ತಡದಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಸುರುಳಿಯಲ್ಲಿ ಅದು ಆವಿಯಾಗುವಾಗ ಬೇಕಾದ ಗುಪ್ತೋಷ್ಣವನ್ನು ಕಾರಿನೊಳಗಿನ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಶಾಖ ಬಿಟ್ಟು ಆವಿ ಮತ್ತೆ ದ್ರವವಾಗುತ್ತದೆ. ಒತ್ತಡ ಹೆಚ್ಚಿದಂತೆ ಕುದಿಬಿಂದು ಏರುತ್ತದೆ ಎಂಬ ಪ್ರೆಶರ್ ಕುಕ್ಕರಿನ ನಿಯಮವೇ ಇಲ್ಲಿಯೂ ನಡೆಯುತ್ತದೆ. ಕಂಡೆನ್ಸರಿನಲ್ಲಿ ಅನಿಲ 55 ಡಿಗ್ರಿಯಲ್ಲಿ ದ್ರವವಾಗುತ್ತಿದ್ದರೆ ಮೀಟರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 14 ಕೆಜಿ ಒತ್ತಡ. ಗಾಳಿ ಸಾಲದೆ ಅದು 70 ಡಿಗ್ರಿಗೆ ಏರಿತೆನ್ನಿ, ಒತ್ತಡ 20 ಕೆಜಿ ದಾಟುತ್ತದೆ. ಆ ಹೊರೆಯನ್ನೆಲ್ಲ ಕಂಪ್ರೆಸರೇ ತಳ್ಳಬೇಕು.

ಕಾರಣ ಪತ್ತೆ ಮಾಡಿದವರು ಊರಿನ ಒಬ್ಬ ಹಿರಿಯ ಮೆಕ್ಯಾನಿಕ್. ಅವರು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲಿ ತಣ್ಣಗಿರುತ್ತೆ, ಎಲ್ಲಿ ಇರಲ್ಲ?” ಬೆಂಗಳೂರು ರಸ್ತೆಯಲ್ಲಿ ಮಂಜಿನಂಥ ಗಾಳಿ, ಊರೊಳಗೆ ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಎಂದು ಇವರು ಹೇಳಿದರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ವೇಗದಲ್ಲಿ ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣಿಸುತ್ತದೆ. ನಿಂತಾಗ ಫ್ಯಾನ್ ಒಂದೇ ಗತಿ. ಫ್ಯಾನ್ ತಿರುಗುತ್ತಲೇ ಇತ್ತು, ಆದ್ದರಿಂದಲೇ ಹಿಂದೆ ನೋಡಿದವರೆಲ್ಲ ‘ಫ್ಯಾನ್ ಸರಿಯಿದೆ’ ಎಂದಿದ್ದರು. ಆದರೆ ಅದು ನಿಧಾನದ ವೇಗದಲ್ಲಿ ಮಾತ್ರ ತಿರುಗುತ್ತಿತ್ತು. ಜೋರಿನ ವೇಗಕ್ಕೆ ವಿದ್ಯುತ್ ಕೊಡುವ ರಿಲೇ ಸುಟ್ಟಿತ್ತು. ಮೀಟರು ಜೋಡಿಸಿ ನಿಂತಲ್ಲೇ ಎಂಜಿನ್ ಓಡಿಸಿದಾಗ ಮುಳ್ಳು 20 ಕೆಜಿ ದಾಟಿ ಏರುತ್ತಲೇ ಹೋಯಿತು. ಕಂಡೆನ್ಸರಿಗೆ ಒಂದು ಚೊಂಬು ನೀರು ಎರಚಿದರು. ಮುಳ್ಳು ಸರ್ರನೆ ಇಳಿಯಿತು. ಇಷ್ಟು ಸರಳವಾದ, ಇಷ್ಟು ಖಚಿತವಾದ ಪ್ರಯೋಗ ನಮ್ಮ ಪ್ರಯೋಗಾಲಯಗಳಲ್ಲೂ ಅಪರೂಪ.

ಮೊದಲನೆಯದು ಕೆಟ್ಟಿದ್ದು ಹೀಗೆ. ಎರಡನೆಯದಕ್ಕೆ ಇದರ ಜೊತೆಗೆ ಇನ್ನೊಂದು ಶತ್ರುವಿತ್ತು. ಕೊಳವೆ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಎಣ್ಣೆ ಕಪ್ಪಗೆ ಬಂತು, ನಡುವೆ ಅಲ್ಯೂಮಿನಿಯಂ ಪುಡಿ ಮಿನುಗುತ್ತಿತ್ತು. ಹಳೆಯ ಕಂಪ್ರೆಸರ್ ಸವೆದು ಉದುರಿಸಿದ ಚೂರುಗಳು ಅವು. ಇಂದಿನ ಕಂಡೆನ್ಸರುಗಳ ನಾಳಗಳು ಬಹಳ ಸಣ್ಣವು; ಒಳಗೆ ಕೂತ ಪುಡಿಯನ್ನು ತೊಳೆದು ಪೂರ್ತಿ ತೆಗೆಯಲಾಗದು. ಆದ್ದರಿಂದ ಕಂಡೆನ್ಸರನ್ನೂ, ತೇವ ಹೀರುವ ಡ್ರೈಯರನ್ನೂ ಬದಲಿಸಿ, ಎಕ್ಸ್‌ಪಾನ್ಷನ್ ವಾಲ್ವನ್ನು ಪರೀಕ್ಷಿಸಬೇಕು. ಕಂಪ್ರೆಸರ್ ಒಂದನ್ನೇ ಬದಲಿಸಿದರೆ ಹೊಸದು ಹಳೆಯದರ ಪುಡಿಯನ್ನೇ ನುಂಗುತ್ತದೆ.

ಇನ್ನು ಪ್ರತಿ ಬೇಸಿಗೆಯ ‘ಸ್ವಲ್ಪ ಗ್ಯಾಸ್ ಹಾಕಿ’ ಎಂಬ ಅಭ್ಯಾಸ. ಕಂಪ್ರೆಸರಿಗೆ ಬೇಕಾದ ಎಣ್ಣೆ ಸಣ್ಣ ಕಾರಿನಲ್ಲಿ ಒಂದು ಟೀ ಲೋಟದಷ್ಟು; ಅದು ಅನಿಲದ ಜೊತೆಗೇ ಸುತ್ತುತ್ತದೆ. ಸೋರಿಕೆಯಿದ್ದರೆ ಎಣ್ಣೆಯೂ ಸೋರುತ್ತದೆ, ಅನಿಲ ಕಡಿಮೆಯಾದರೆ ಉಳಿದ ಎಣ್ಣೆಯೂ ಸರಿಯಾಗಿ ಹಿಂದಿರುಗುವುದಿಲ್ಲ. ನಿಂತ ಕಾರಿಗೆ ಮೀಟರು ಇಟ್ಟು ಅನಿಲ ಎಷ್ಟಿದೆಯೆಂದು ಹೇಳಲೂ ಆಗದು. ಅಡುಗೆ ಅನಿಲದ ಸಿಲಿಂಡರನ್ನು ನೆನೆಯಿರಿ: ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ ಒತ್ತಡ ಉಷ್ಣತೆಗೆ ತಕ್ಕಂತೆ ಇರುತ್ತದೆಯೇ ಹೊರತು ತುಂಬಿದೆಯೋ ಬರಿದಾಗಿದೆಯೋ ಎಂಬುದಕ್ಕೆ ತಕ್ಕಂತಲ್ಲ. ಬಾನೆಟ್ಟಿನಡಿಯ ಚೀಟಿಯಲ್ಲಿ ಗ್ರಾಮಿನ ಲೆಕ್ಕ ಬರೆದಿರುತ್ತದೆ. ಸೋರಿಕೆ ಮುಚ್ಚಿ, ತೂಗಿಯೇ ತುಂಬಿಸಬೇಕು.

ತುಂಬಿಸುವ ಮೊದಲು ಪಂಪಿನಿಂದ ನಿರ್ವಾತ ಮಾಡುತ್ತಾರೆ. ಗಾಳಿಯಷ್ಟೇ ಅಲ್ಲ, ಕೊಳವೆಯೊಳಗಿನ ತೇವವೂ ಹೋಗಬೇಕು. ಉಳಿದ ತೇವ ಆಮ್ಲಕ್ಕೆ ದಾರಿ ಮಾಡಿ ಲೋಹವನ್ನು ತಿನ್ನುತ್ತದೆ. ಒತ್ತಡ ಪಾದರಸದ 32 ಮಿಲಿಮೀಟರಿಗೆ ಇಳಿದರೆ ನೀರು 30 ಡಿಗ್ರಿಯಲ್ಲೇ ಕುದಿದು ಆವಿಯಾಗಿ ಹೊರಬೀಳುತ್ತದೆ. ಇಲ್ಲೊಂದು ಮೈಸೂರಿನ ಸ್ವಾರಸ್ಯವಿದೆ. ಮೀಟರು 29 ಅಂಗುಲ ತೋರಿಸಬೇಕು ಎಂದು ಪುಸ್ತಕಗಳಲ್ಲಿ ಇರುತ್ತದೆ. ಅದು ಸಮುದ್ರಮಟ್ಟದ ಮಾತು. ನಮ್ಮೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಮಂಡಲದ ಒತ್ತಡವೇ ಪಾದರಸದ 690 ಮಿಲಿಮೀಟರಿನ ಆಸುಪಾಸು, ಅಂದರೆ 27 ಅಂಗುಲ ಚಿಲ್ಲರೆ. ಎಂಥ ಪಂಪು ತಂದರೂ ಇಲ್ಲಿ 29 ಬಾರದು. 27 ಬಂದ ಕೂಡಲೇ ನಿಲ್ಲಿಸುವುದೂ ಸರಿಯಲ್ಲ. ಅರ್ಧ ಗಂಟೆಯಾದರೂ ಓಡಿಸಿ, ವಾಲ್ವ್ ಮುಚ್ಚಿ, ಮುಳ್ಳು ಅಲ್ಲೇ ನಿಲ್ಲುತ್ತದೆಯೇ ನೋಡಬೇಕು. ಹಿಂದೆ ಸರಿದರೆ ಎಲ್ಲೋ ತೂತಿದೆ, ಇಲ್ಲವೇ ತೇವವಿದೆ.

ನಮ್ಮ ಟ್ಯಾಕ್ಸಿಗೆ ಮೂರನೆಯ ಕಂಪ್ರೆಸರ್ ತಪ್ಪಲಿಲ್ಲ. ಎರಡನೆಯದು ಅಷ್ಟು ಸವೆದಿತ್ತು. ಆದರೆ ಈ ಬಾರಿ ಅದರ ಜೊತೆಗೆ ಕೆಲವು ನೂರು ರೂಪಾಯಿಯ ರಿಲೇ, ಕಂಡೆನ್ಸರ್, ಡ್ರೈಯರ್, ಅಳತೆಯ ಎಣ್ಣೆ ಎಲ್ಲ ಬಿದ್ದವು.

ಕೊಳವೆ ಬಿಚ್ಚುವಾಗ ಅನಿಲವನ್ನು ಬುಸ್ ಎಂದು ಗಾಳಿಗೆ ಬಿಡುವ ಗ್ಯಾರೇಜುಗಳಿವೆ. ಆರ್-134ಎ ಓಜೋನ್ ಪದರಕ್ಕೆ ಕೇಡು ಮಾಡದು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,300 ಪಟ್ಟು ಜೋರು. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅರ್ಧ ಕೆಜಿ ಬಿಟ್ಟರೆ ಸುಮಾರು 280 ಲೀಟರ್ ಪೆಟ್ರೋಲ್ ಸುಟ್ಟಷ್ಟು ಹಾನಿ. ಅನಿಲವನ್ನು ಹೀರಿ ಸಿಲಿಂಡರಿನಲ್ಲಿ ಹಿಡಿದಿಡುವ ಯಂತ್ರಗಳಿವೆ. ಕೆಲಸಕ್ಕೆ ಕೊಡುವ ಮುನ್ನ ಅದು ಇದೆಯೇ ಎಂದು ಕೇಳಿ.