ಬರಿ ತಟ್ಟೆ ಹಿಂದೆ ಹೋಗಬಾರದು



ಡಿಸೆಂಬರ್ ಬಂತೆಂದರೆ ನಮ್ಮ ಪರ್ಕಳದ ಪೇಟೆಯಲ್ಲೂ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಮೊನ್ನೆ ಅವನ್ನು ನೋಡುತ್ತಾ ಮೊಮ್ಮಗಳು, "ಅಜ್ಜ, ಯೇಸು ಹುಟ್ಟಿದ್ದು 25ನೇ ತಾರೀಕಿಗೇ ಅಂತ ಯಾರು ಬರೆದಿಟ್ಟದ್ದು?" ಎಂದು ಕೇಳಿದಳು. ಬ್ಯಾಂಕಿನಲ್ಲಿ ಜೀವಮಾನವಿಡೀ ತಾರೀಕು ನೋಡಿಯೇ ಸೀಲು ಒತ್ತಿದ ನನಗೆ ಪ್ರಶ್ನೆ ಬಹಳ ಹಿಡಿಸಿತು.

ನಿಜ ಹೇಳಬೇಕೆಂದರೆ ಯಾರೂ ಬರೆದಿಟ್ಟಿಲ್ಲ. ಬೈಬಲಿನಲ್ಲಿ ಮತ್ತಾಯ ಮತ್ತು ಲೂಕ ಯೇಸುವಿನ ಜನನದ ಕತೆ ಹೇಳುತ್ತಾರೆ. ಬೆತ್ಲೆಹೇಮ್ ಊರು, ದನದ ಗೋದಲಿ, ಕುರುಬರು, ನಕ್ಷತ್ರ ಎಲ್ಲ ಅಲ್ಲಿವೆ. ತಾರೀಕು ಮಾತ್ರ ಇಲ್ಲ. ಡಿಸೆಂಬರ್ 25ರಂದು ಹಬ್ಬ ಆಚರಿಸಿದ ಹಳೆಯ ದಾಖಲೆ ಸಿಗುವುದು ರೋಮ್ ನಗರದಲ್ಲಿ, ಕ್ರಿ.ಶ. 336ರ ಹೊತ್ತಿಗೆ. ಆ ದಿನವೇ ಯಾಕೆ ಎಂಬುದಕ್ಕೆ ಪಂಡಿತರು ಎರಡು ಕಾರಣ ಕೊಡುತ್ತಾರೆ. ಆ ಹೊತ್ತಿನಲ್ಲಿ ಹಗಲು ಮತ್ತೆ ಬೆಳೆಯತೊಡಗುತ್ತದೆ, ರೋಮನ್ನರು ಅಂದೇ ಸೂರ್ಯನ ಹಬ್ಬ ಮಾಡುತ್ತಿದ್ದರು ಎಂಬುದು ಒಂದು. ಮಾರಿಯಮ್ಮನವರಿಗೆ ದೇವದೂತ ಸುದ್ದಿ ತಿಳಿಸಿದ ದಿನವನ್ನು ಮಾರ್ಚ್ 25 ಎಂದು ಹಿಡಿದು, ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು. ಸೂರ್ಯ ಉತ್ತರಕ್ಕೆ ತಿರುಗುವುದನ್ನು ನಾವು ಮಕರ ಸಂಕ್ರಾಂತಿಯೆಂದು ಆಚರಿಸುತ್ತೇವಲ್ಲ, ಎರಡೂ ಹಬ್ಬಗಳ ಬೆನ್ನಿಗೆ ಅದೇ ಬಿಸಿಲು ಇರಬಹುದು.

ನಮ್ಮ ಕೊಂಕಣಿ ಕ್ರೈಸ್ತರ ಬಾಯಲ್ಲಿ ಈ ಹಬ್ಬದ ಹೆಸರು 'ನತಾಲಾಂ'. ಪೋರ್ಚುಗೀಸರ 'ನತಾಲ್' ಅದು; ಹುಟ್ಟು ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದದ್ದು. ಪೋರ್ಚುಗೀಸರ ಕಾಲದಲ್ಲಿ ಗೋವಾ ಕಡೆಯಿಂದ ಬಂದು ಇಲ್ಲಿ ಗದ್ದೆ ತೋಟ ಮಾಡಿದವರು ಆ ಮಾತನ್ನು ಜೊತೆಗೇ ತಂದರು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚಿನ ಇತಿಹಾಸ 1678ರಿಂದ ಶುರುವಾಗುತ್ತದೆ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತವಾದಾಗ ಅದೇ ಪ್ರಧಾನ ದೇವಾಲಯವಾಯಿತು.

ಮನೆಯಂಗಳದಲ್ಲಿ ಮಕ್ಕಳು ಕಟ್ಟುವ ಗೋದಲಿಯನ್ನು ನೀವು ನೋಡಿರುತ್ತೀರಿ. ಬೈಹುಲ್ಲಿನ ಮಾಡು, ಮಣ್ಣಿನ ಬೊಂಬೆಗಳು, ನಡುವೆ ಹಸುಗೂಸು. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಸಂತ ಫ್ರಾನ್ಸಿಸ್ ಅಸಿಸಿಯವರು ನಿಜವಾದ ಎತ್ತು, ಕತ್ತೆಗಳನ್ನು ತಂದು ನಿಲ್ಲಿಸಿ ಈ ದೃಶ್ಯ ಮಾಡಿಸಿದರು. ಕತೆ ಕಣ್ಣಿಗೆ ಕಾಣಲಿ ಎಂಬುದು ಅವರ ಆಸೆ. ನಮ್ಮೂರ ಮಕ್ಕಳು ಅದಕ್ಕೆ ತಮ್ಮದೂ ಒಂದು ಸೇರಿಸಿದ್ದಾರೆ: ಗೆರಟೆಯಲ್ಲಿ ಮಣ್ಣು ತುಂಬಿ, ಕೆಲವು ದಿನ ಮೊದಲೇ ರಾಗಿಯನ್ನೋ ಭತ್ತವನ್ನೋ ಬಿತ್ತಿ, ಎಳೆ ಪೈರನ್ನು ಗೋದಲಿಯ ಸುತ್ತ ಇಡುತ್ತಾರೆ.

ಕ್ರಿಸ್ಮಸ್ ಮರ ಜರ್ಮನ್ ನಾಡಿನ ಪದ್ಧತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಲ್ಲಿ ಹೆಚ್ಚಿನವರು ಅದೇ ಭಾಷೆಯವರು. ಅವರ ದೇಶದ ಮರ ನಮ್ಮ ಸೆಕೆಗೆ ಬೆಳೆಯುವುದಿಲ್ಲ. ಇಲ್ಲಿ ಗಾಳಿಮರದ ಗೆಲ್ಲೇ ಕ್ರಿಸ್ಮಸ್ ಮರವಾಗುವುದುಂಟು. ಇನ್ನು ಕೆಂಪು ಅಂಗಿಯ ತಾತ. ಅವನ ಮೂಲ ಈಗಿನ ಟರ್ಕಿ ದೇಶದಲ್ಲಿ 4ನೇ ಶತಮಾನದಲ್ಲಿದ್ದ ಬಿಷಪ್, ಸಂತ ನಿಕೋಲಸ್. ಬಡವರಿಗೆ ಗುಟ್ಟಾಗಿ ಸಹಾಯ ಮಾಡಿದರೆಂದು ಅವರಿಗೆ ಹೆಸರು.

ಇಷ್ಟು ಹೇಳಿದ ಮೇಲೆ ಮೊಮ್ಮಗಳು, "ಕುಸ್ವಾರ್ ಬಗ್ಗೆ ಹೇಳಲೇ ಇಲ್ಲ" ಎಂದಳು. ಹೌದು, ಅದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಕುಸ್ವಾರ್ ಎಂದರೆ ಹಬ್ಬದ ತಿಂಡಿಗಳ ತಟ್ಟೆ. ನೆವ್ರಿ ನೋಡಿದರೆ ನಮ್ಮ ಕರ್ಜಿಕಾಯಿಯ ಅಣ್ಣನೋ ತಮ್ಮನೋ ಅನ್ನಬೇಕು. ಹಿಟ್ಟಿನ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿಗೆ ಒತ್ತಿ ಸುರುಳಿ ಮಾಡಿ ಕರಿದು, ಸಕ್ಕರೆ ಪಾಕ ಹಾಕಿದರೆ ಕಿಡಿಯೊ. ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಪುಟ್ಟ ಗೋಲಿಗಳು ಗುಳಿಯೊ. ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಬಿಡಿಸಿದ ಹೂವು ಕೊಕ್ಕಿಸಾಂ. ಜೊತೆಗೆ ಚಕ್ಕುಲಿ, ಎಳ್ಳುಂಡೆ. ಹಬ್ಬದ ದಿನ ಈ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ, ಜಾತಿ ಧರ್ಮ ನೋಡದೆ.

ನಾನು ಏಳೆಂಟು ವರ್ಷದವನಿದ್ದಾಗ ನಮ್ಮ ಬೇಲಿಯಾಚೆಯ ಮನೆಯಿಂದಲೂ ಬರುತ್ತಿತ್ತು. ಆ ಮನೆಯ ಹಿರಿಯ ಹೆಂಗಸನ್ನು ಊರವರೆಲ್ಲ 'ಬಾಯಮ್ಮ' ಎಂದೇ ಕರೆಯುತ್ತಿದ್ದರು. ಬೆಳ್ಳಗಿನ ಬಟ್ಟೆ ಮುಚ್ಚಿದ ತಟ್ಟೆಯನ್ನು ಅವರೇ ತಂದು ಜಗಲಿಯಲ್ಲಿ ಇಡುತ್ತಿದ್ದರು. ನನ್ನ ಅಜ್ಜಿ ನಗುನಗುತ್ತಾ ತೆಗೆದುಕೊಳ್ಳುತ್ತಿದ್ದರು. ಬಾಯಮ್ಮ ತಡಮೆ ದಾಟಿದ ಮೇಲೆ ಆ ತಿಂಡಿ ಒಳಗೆ ಬರುತ್ತಿರಲಿಲ್ಲ. ಕೆಲಸದವರ ಮಕ್ಕಳ ಪಾಲಾಗುತ್ತಿತ್ತು. ಅಜ್ಜಿಗೆ ಮಡಿ. ಬೇರೆ ಒಲೆಯಲ್ಲಿ ಬೆಂದದ್ದು ನಮ್ಮ ಮನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ.

ಬರಿ ತಟ್ಟೆ ಹಿಂದೆ ಹೋಗಬಾರದೆಂದು ಅಜ್ಜಿ ಅದರಲ್ಲಿ ಬಾಳೆಹಣ್ಣು ಇಟ್ಟು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಒಂದು ವರ್ಷ ಬಾಯಮ್ಮ ನನ್ನ ತಲೆ ಸವರಿ, "ತಿಂಡಿ ಎಂಚ ಇತ್ತ್ಂಡ್ ಮಗಾ?" ಎಂದು ಕೇಳಿದರು. ರುಚಿಯೇ ನೋಡದ ನಾನು, "ಭಾರಿ ಎಡ್ಡೆ ಇತ್ತ್ಂಡ್" ಎಂದೆ. ಯಾವುದು ಜಾಸ್ತಿ ಹಿಡಿಸಿತು ಎಂದು ಕೇಳಿದರು. ನನಗೆ ಒಂದರ ಹೆಸರೂ ಗೊತ್ತಿರಲಿಲ್ಲ. ನೆಲ ನೋಡುತ್ತಾ ನಿಂತೆ. ಅವರು ಮತ್ತೇನೂ ಕೇಳಲಿಲ್ಲ.

ಮರುವರ್ಷವೂ ತಟ್ಟೆ ಬಂತು. ಅಜ್ಜಿ ಬಟ್ಟೆ ಸರಿಸಿದರು. ಒಳಗೆ ಸುಲಿದ ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಒಂದು ಸೇರು ಎಳ್ಳು. "ಒಲೆಗೆ ಇಟ್ಟದ್ದಲ್ಲ ಅಮ್ಮಾ, ನೀವೇ ಏನಾದರೂ ಮಾಡಿ ಮಕ್ಕಳಿಗೆ ಕೊಡಿ" ಎಂದರು ಬಾಯಮ್ಮ. ಮುಖದಲ್ಲಿ ಬೇಸರವಿರಲಿಲ್ಲ. ಅಜ್ಜಿ ಬಹಳ ಹೊತ್ತು ಆ ತಟ್ಟೆ ಹಿಡಿದುಕೊಂಡೇ ಕೂತಿದ್ದರು. ಅಂದು ಸಂಜೆ ಎಳ್ಳುಂಡೆ ಕಟ್ಟಿ, ಅದೇ ತಟ್ಟೆಯಲ್ಲಿಟ್ಟು, ಆ ಮನೆಗೆ ತಾವೇ ನಡೆದುಹೋದರು. ನನಗೆ ತಿಳಿದಂತೆ ಅಜ್ಜಿ ಆ ಬೇಲಿ ದಾಟಿದ್ದು ಅದೇ ಮೊದಲು.

ಅಜ್ಜಿ ಕೊನೆಯವರೆಗೂ ಕುಸ್ವಾರ್ ತಿನ್ನಲಿಲ್ಲ. ನಾನು ಮೊದಲ ಸಲ ನೆವ್ರಿ ತಿಂದದ್ದು ಕೆಲಸಕ್ಕೆ ಸೇರಿದ ಮೇಲೆ, ಸಹೋದ್ಯೋಗಿಯೊಬ್ಬರ ಡಬ್ಬದಿಂದ. ಆಗ ಬಾಯಮ್ಮ ಇರಲಿಲ್ಲ. ನನ್ನ ಸುಳ್ಳನ್ನು ಒಪ್ಪಿಕೊಳ್ಳುವುದಕ್ಕೂ ಯಾರೂ ಉಳಿದಿರಲಿಲ್ಲ.

ಈಗ ಆ ಮನೆಯಲ್ಲಿ ಅವರ ಸೊಸೆ ಇದ್ದಾರೆ. ಮಕ್ಕಳು ದೂರದ ಊರಿನಲ್ಲಿದ್ದಾರೆ. ಒಬ್ಬರೇ ಕೂತು ಕಿಡಿಯೊ ಒತ್ತುವುದು ಕಷ್ಟವೆಂದು ಅರ್ಧ ತಿಂಡಿ ಬೇಕರಿಯಿಂದ ತರಿಸುತ್ತಾರೆ. ಕಳೆದ ವರ್ಷ ಮೊಮ್ಮಗಳು ಅವರ ಜೊತೆ ಕೂತು ಬಾಚಣಿಗೆಯ ಮೇಲೆ ಹಿಟ್ಟು ಒತ್ತಿದಳು. ಹಬ್ಬದ ದಿನ ತಟ್ಟೆ ಬಂತು, ನಮ್ಮ ಊಟದ ಮೇಜಿನ ಮೇಲೆಯೇ ಖಾಲಿಯಾಯಿತು. ಬಾಳೆಹಣ್ಣು ಇಟ್ಟು ಅದನ್ನು ಮರಳಿಸಲು ಹೋದವಳನ್ನು ಅವರು ಕೇಳಿದರಂತೆ, ಯಾವುದು ಹೆಚ್ಚು ಹಿಡಿಸಿತು ಎಂದು. ಇವಳು ಬೆರಳು ಮಡಚುತ್ತಾ ಒಂದೊಂದರ ಹೆಸರೂ ಹೇಳಿ ಬಂದಳು.

ನಿಮ್ಮ ಬೇಲಿಯಾಚೆಯಿಂದ ಈ ವಾರ ತಟ್ಟೆ ಬಂದರೆ, ಮಕ್ಕಳೇ, ಹೆಸರು ಕೇಳಿಕೊಂಡು ತಿನ್ನಿ. ಬರಿ ತಟ್ಟೆ ಹಿಂದೆ ಕಳಿಸಬೇಡಿ.