ಅಜ್ಜಿಯ ಸೂಜಿ, ಮೊಮ್ಮಕ್ಕಳ ಕೈ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಅನೇಕ ಮನೆಗಳಲ್ಲಿ ಒಂದು ಸಂಪತ್ತು ಮೂಲೆಗೆ ಬಿದ್ದಿದೆ. ಮಗನೂ ಸೊಸೆಯೂ ಬೆಳಗಿನ ಲೋಕಲ್ ಹಿಡಿದು ಹೊರಟರೆ ಮರಳುವುದು ರಾತ್ರಿಗೆ. ಮಗುವನ್ನು ನೋಡಿಕೊಳ್ಳಲೆಂದು ಊರಿನಿಂದ ಕರೆಸಿದ ಅಜ್ಜಿಗೆ ಬೀದಿಯ ಭಾಷೆ ಬಾರದು. ಮೊಮ್ಮಗುವಿಗೆ ಅಜ್ಜಿಯ ಕನ್ನಡ ಅರ್ಧವೇ ತಿಳಿಯುವುದು. ಇಬ್ಬರ ನಡುವೆ ಉಳಿಯುವುದು ಮೊಬೈಲೊಂದೇ. ಅಜ್ಜಿಯ ಬೆರಳುಗಳಲ್ಲಿರುವ ವಿದ್ಯೆಯನ್ನು ಕೇಳುವವರಿಲ್ಲ.

ಆ ವಿದ್ಯೆ ಅಲ್ಪವಾದುದಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದ ಅಜ್ಜಿಯರು ಉತ್ತರ ಕರ್ನಾಟಕದ ಮನೆಮನೆಗಳಲ್ಲಿದ್ದಾರೆ. ಧಾರವಾಡ ಸೀಮೆಯ ಕಸೂತಿಯಂತೂ ಕಣ್ಣಿಗೂ ಲೆಕ್ಕಕ್ಕೂ ಕೂಡಿದ ಪಾಠ. ಬಟ್ಟೆಯ ಮೇಲೆ ಗೆರೆ ಎಳೆಯದೆ, ನೂಲಿನ ಎಳೆಗಳನ್ನು ಎಣಿಸಿಯೇ ತೇರು, ಗೋಪುರ, ಆನೆಗಳನ್ನು ಮೂಡಿಸಬೇಕು. ದಾರಕ್ಕೆ ಗಂಟು ಹಾಕಕೂಡದು. ಗವಂತಿಯಲ್ಲಿ ಹೋದ ದಾರಿಯಲ್ಲೇ ಹಿಂದಿರುಗಿ, ಬಿಟ್ಟ ಎಡೆಗಳನ್ನು ತುಂಬಿದಾಗ ಬಟ್ಟೆಯ ಎರಡು ಬದಿಯೂ ಒಂದೇ ರೂಪು ತಾಳುವುದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳೊಡನೆ ಮಗುವಿನ ನಾಲಿಗೆಗೆ ಕನ್ನಡವೂ ತಾನಾಗಿ ಬರುವುದು. ಕರಾವಳಿಯ ಅಜ್ಜಿಯರಾದರೆ ಮಲ್ಲಿಗೆ ಕಟ್ಟುವುದನ್ನೂ ತೆಂಗಿನ ಗರಿ ಹೆಣೆಯುವುದನ್ನೂ ಕಲಿಸಬಲ್ಲರು.

ಎಳೆತನದಲ್ಲಿ ಹೋಟೆಲಿನ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ಹಿರಿಯರು ನಮ್ಮಲ್ಲಿದ್ದಾರೆ. "ನಮ್ಮ ಕೈ ಸವೆದದ್ದು ಸಾಕು, ಮಕ್ಕಳು ಪೆನ್ನು ಹಿಡಿಯಲಿ" ಎಂಬ ಅವರ ಮಾತಿನ ಹಿಂದಿನ ನೋವನ್ನು ನಾವು ಬಲ್ಲೆವು. ಆದರೆ ದುಡಿಸುವುದು ಬೇರೆ, ಕಲಿಸುವುದು ಬೇರೆ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರ 10ರಿಂದ ನಿಷಿದ್ಧವಾಯಿತು. ಅದು ಆಗಲೇಬೇಕಾಗಿದ್ದ ನ್ಯಾಯ. ಆದರೆ ಕೈಗೆಲಸವೇ ಕೀಳೆಂಬ ಭಾವನೆ ಅದರಿಂದ ಹುಟ್ಟಬಾರದು. ಕೈಕಸುಬಿನ ಮೂಲಕವೇ ಶಿಕ್ಷಣವೆಂಬ ತತ್ವವನ್ನು ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ಮಂಡಿಸಿದರು. 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸುಬುದಾರರಿಂದ ಕಲಿಯಲೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಅಂಥ ಗುರುಗಳು ನಮ್ಮ ಮನೆಯೊಳಗೇ ಇದ್ದಾರೆ.

ಆರೇಳು ವರ್ಷದ ಮಗುವಿಗೆ ಮೊನೆ ಮೊಂಡಾದ ದಪ್ಪ ಸೂಜಿ, ಉಣ್ಣೆಯ ದಾರ, ಒರಟು ನೇಯ್ಗೆಯ ಬಟ್ಟೆಯ ತುಂಡು ಸಾಕು. ದಿನಕ್ಕೆ ಕಾಲು ಗಂಟೆ. ಮೊದಲು ನೇರ ಹೊಲಿಗೆ, ಬಳಿಕ ಅಂಗಿಯ ಗುಂಡಿ, ಆಮೇಲೆ ಎಳೆ ಎಣಿಸುವ ಕಸೂತಿ. ಕತ್ತರಿ ಅಜ್ಜಿಯ ಕೈಯಲ್ಲೇ ಇರಲಿ. ಅವರ ಸೂಜಿಗೆ ದಾರ ಪೋಣಿಸುವುದೂ, ಏಳುವ ಮುನ್ನ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕುವುದೂ ಮಗುವಿನ ಪಾಲಿಗಿರಲಿ. ಗಂಡುಮಗುವಿಗೆ ಇದು ಬೇಡವೆನ್ನುವುದು ಸಲ್ಲದು. ಊರು ಬಿಟ್ಟು ಬಂದು ಖೋಲಿಯಲ್ಲಿ ಬಾಳಿದವರು ಹರಿದ ಅಂಗಿಯನ್ನು ತಾವೇ ಹೊಲಿದುಕೊಂಡಿಲ್ಲವೇ?

ನಮ್ಮ ಸಂಘಗಳು ವಾರ್ಷಿಕೋತ್ಸವಗಳಲ್ಲಿ ಹಾಡು, ಕುಣಿತಗಳೊಂದಿಗೆ ಅಜ್ಜಿ-ಮೊಮ್ಮಕ್ಕಳು ಕೂಡಿ ಹೊಲಿದುದಕ್ಕೂ ಒಂದು ಮೇಜನ್ನು ಮೀಸಲಿಡಲಿ. ಆದರೆ ಸಂಘಗಳಿಗಾಗಿ ಕಾಯುವುದೂ ಬೇಡ. ಅಜ್ಜಿಯ ಕೈ ನಡುಗುವ ಮೊದಲೇ, ಬರುವ ಭಾನುವಾರದಿಂದಲೇ, ಈ ಪಾಠ ಮನೆಯಲ್ಲಿ ಆರಂಭವಾಗಲೆಂದು ಬಾಂಧವರಲ್ಲಿ ನಮ್ಮ ವಿನಂತಿ.