ಅಪ್ಪ ಯಂತ್ರವಾದ 19 ನಿಮಿಷ

ಹಾಲು ಕುಡಿಯುವಾಗ ಮಗು ಬೆವರುತ್ತದೆ. ನಾಲ್ಕು ಗುಟುಕು ಎಳೆದು, ಮೊಲೆ ಬಿಟ್ಟು, ಏದುಸಿರು ಬಿಡುತ್ತದೆ. ತೂಕ ಏರುವುದಿಲ್ಲ. ನೆಗಡಿ, ಕಫ ತಪ್ಪಿದ್ದಲ್ಲ. ದೃಷ್ಟಿಯಾಗಿರಬೇಕೆಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾಳೆ. ಕೊನೆಗೊಂದು ದಿನ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಪರೀಕ್ಷೆಗಳನ್ನು ಮಾಡಿಸಿ, ‘ಹೃದಯದಲ್ಲಿ ತೂತಿದೆ’ ಎನ್ನುತ್ತಾರೆ. ಮನೆಯವರ ನಿದ್ದೆ ಹಾರಿಹೋಗಲು ಆ ಒಂದು ಮಾತು ಸಾಕು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳೆಂದು ತಾಯಿಯ ಮೇಲೆ ಗೂಬೆ ಕೂರಿಸುವವರಿಗೂ ಬರವಿಲ್ಲ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಗರ್ಭದಲ್ಲಿ ಪೂರ್ತಿ ಕೂಡಿಕೊಳ್ಳದೆ ಉಳಿದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗುತ್ತದೆ. ಶ್ವಾಸಕೋಶಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ರಕ್ತ ಹರಿದು ಮಗು ಸೋಲುತ್ತದೆ. ಸಣ್ಣ ತೂತುಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ದೊಡ್ಡವಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು. ಆದರೆ ಬಡಿಯುತ್ತಿರುವ, ರಕ್ತ ತುಂಬಿದ ಹೃದಯವನ್ನು ತೆರೆದು ಹೊಲಿಯುವುದು ಹೇಗೆ? ಅಷ್ಟು ಹೊತ್ತು ಮೈಗೆಲ್ಲ ರಕ್ತ ಹರಿಸುವವರು ಯಾರು?

1954ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಸಂಸಾರವೊಂದರ ಮುಂದೆ ಈ ಪ್ರಶ್ನೆ ಬಂತು. ಹೃದಯದ ಕಾಯಿಲೆಯಿಂದಲೇ ಒಬ್ಬ ಮಗಳನ್ನು ಮಣ್ಣು ಮಾಡಿದ್ದ ತಂದೆತಾಯಿ ಅವರು. ಈಗ ಒಂದು ವರ್ಷದ ಗಂಡುಮಗುವಿಗೂ ಅದೇ ಗತಿ. ಹಿಂದಿನ ವರ್ಷ ಜಾನ್ ಗಿಬ್ಬನ್ ಎಂಬ ವೈದ್ಯ ಹೃದಯ-ಶ್ವಾಸಕೋಶ ಯಂತ್ರದಿಂದ ಒಬ್ಬ ಯುವತಿಯನ್ನು ಉಳಿಸಿದ್ದರೂ, ಆಮೇಲಿನ ರೋಗಿಗಳು ತೀರಿಕೊಂಡದ್ದರಿಂದ ಕೈಚೆಲ್ಲಿದ್ದ.

ಮಿನ್ನೆಸೋಟ ವಿಶ್ವವಿದ್ಯಾಲಯದ ವಾಲ್ಟನ್ ಲಿಲ್ಲೆಹೈ ಬೇರೆ ದಾರಿ ಹಿಡಿದರು. ಗರ್ಭದಲ್ಲಿ ಮಗುವಿನ ರಕ್ತಕ್ಕೆ ಆಮ್ಲಜನಕ ಕೊಡುವವಳು ತಾಯಿ ತಾನೆ? ಹಾಗೆಯೇ ಮೇಜಿನ ಮೇಲೂ ಹೆತ್ತವರ ಮೈಯನ್ನೇ ಯಂತ್ರವಾಗಿಸಿದರೆ? ಮಗುವಿನ ರಕ್ತ ಕೊಳವೆಯಲ್ಲಿ ಅಪ್ಪನ ತೊಡೆಸಂದಿಯ ರಕ್ತನಾಳಕ್ಕೆ ಹೋಗಬೇಕು. ಅಪ್ಪನ ಶ್ವಾಸಕೋಶದಲ್ಲಿ ಶುದ್ಧವಾಗಿ ಮತ್ತೆ ಮಗುವಿಗೆ ಬರಬೇಕು. ನಡುವೆ ಒಂದು ಪಂಪು, ಅದೂ ಹಾಲಿನ ಉದ್ಯಮದಲ್ಲಿ ಬಳಸುತ್ತಿದ್ದ ಬಗೆಯದು! ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಇಬ್ಬರನ್ನು ಕೊಲ್ಲಬಲ್ಲ ವಿಧಾನ ಎಂದು ಟೀಕಿಸಿದವರಿದ್ದರು. ಆ ಮಾತು ಸುಳ್ಳೇನೂ ಅಲ್ಲ.

ಅಪ್ಪನ ರಕ್ತದ ಗುಂಪು ಹೊಂದಿತು. ಆತ ಒಪ್ಪಿದ. ತಾಯಿಯ ಸಂಕಟವನ್ನು ಯಾರು ಅಳೆದಾರು? ಮಾರ್ಚ್ 26ರಂದು ಒಂದೇ ಕೋಣೆಯೊಳಗೆ ಅಕ್ಕಪಕ್ಕದ ಮೇಜುಗಳ ಮೇಲೆ ಗಂಡ, ಮಗ ಇಬ್ಬರೂ ಪ್ರಜ್ಞೆ ತಪ್ಪಿ ಮಲಗಿದ್ದರು. 19 ನಿಮಿಷ ಮಗು ಅಪ್ಪನ ಹೃದಯದಿಂದ, ಅಪ್ಪನ ಉಸಿರಿನಿಂದ ಬದುಕಿತು. ಅಷ್ಟರಲ್ಲಿ ಲಿಲ್ಲೆಹೈ ತೂತನ್ನು ಹೊಲಿದು ಮುಗಿಸಿದರು. ಅಪ್ಪ ಎದ್ದು ಕುಳಿತ. ಮಗುವೂ ಚೇತರಿಸಿಕೊಳ್ಳುವಂತೆ ಕಂಡಿತು. ಆದರೆ 11ನೇ ದಿನ ನ್ಯುಮೋನಿಯಾ ಅದನ್ನು ಒಯ್ದುಬಿಟ್ಟಿತು. ಶವಪರೀಕ್ಷೆ ಮಾಡಿದಾಗ ಹೊಲಿಗೆ ಹಾಗೇ ಇತ್ತು, ತೂತು ಮುಚ್ಚಿತ್ತು.

ಇಷ್ಟಾದ ಮೇಲೂ ಬೇರೆ ತಂದೆತಾಯಂದಿರು ಮುಂದೆ ಬಂದರಲ್ಲ, ಅದೇ ಸೋಜಿಗ. ಏಪ್ರಿಲ್‌ನಲ್ಲಿಯೇ ಮತ್ತಿಬ್ಬರು ಮಕ್ಕಳಿಗೆ ಹೀಗೆಯೇ ಶಸ್ತ್ರಚಿಕಿತ್ಸೆಯಾಯಿತು, ಅವರು ಉಳಿದರು. ಒಟ್ಟು 45 ಮಂದಿ ಹೀಗೆ ಮೇಜು ಹತ್ತಿದರು; 28 ಮಂದಿ ಮನೆಗೆ ಮರಳಿದರು. ರಕ್ತ ಹರಿಸಲು ಮಲಗಿದವರಲ್ಲಿ ಯಾರೂ ಸಾಯಲಿಲ್ಲ. ಆದರೆ ಮಗಳಿಗಾಗಿ ಮಲಗಿದ್ದ ಒಬ್ಬ ತಾಯಿಯ ರಕ್ತನಾಳಕ್ಕೆ ಗಾಳಿ ಹೊಕ್ಕು ಮಿದುಳಿಗೆ ಹಾನಿಯಾಯಿತು.

1955ರಲ್ಲಿ ಲಿಲ್ಲೆಹೈ ಅವರ ಸಹೋದ್ಯೋಗಿ ರಿಚರ್ಡ್ ಡಿವಾಲ್, ಗುಳ್ಳೆಗಳ ಮೂಲಕ ರಕ್ತಕ್ಕೆ ಆಮ್ಲಜನಕ ಬೆರೆಸುವ ಸರಳ, ಅಗ್ಗದ ಸಾಧನವನ್ನು ಸಿದ್ಧಪಡಿಸಿದರು. ಅಲ್ಲಿಂದ ಮುಂದೆ ಅಪ್ಪ ಅಮ್ಮಂದಿರು ಪಕ್ಕದ ಮೇಜಿನಿಂದ ಇಳಿದು, ಬಾಗಿಲ ಹೊರಗಿನ ಬೆಂಚಿಗೆ ಬಂದು ಕುಳಿತರು.